ದಮ್ಮಯ್ಯಕ್ಕೆ ಇಂಗ್ಲಿಷ್ ಬರೆದ ಶಂಭು ಕಾಜವರು

ನೆರಿಯದ ದೂಮಣ್ಣ ಕಾಜವರು ಊರಿನ ದೈವದ ಮುಂದೆ ನಿಂತು ಬೇರೆಯವರ ಕಷ್ಟವನ್ನು ಬಾಯಿಬಿಟ್ಟು ಹೇಳುವ ಕೆಲಸದವರು. ಅದಕ್ಕೆ ಅರಿಕೆ ಮಾಡುವುದು ಎನ್ನುತ್ತಾರೆ. ದನ ಕಳೆದುಕೊಂಡವನಿಗೆ, ಮಕ್ಕಳು ಉಳಿಯದವಳಿಗೆ, ಗಡಿಕಲ್ಲು ಕಿತ್ತುಹೋದವನಿಗೆ ದೈವದ ಎದುರು ನಾಲಗೆ ಹೊರಳುವುದಿಲ್ಲ. ದೂಮಣ್ಣ ಕಾಜವರು ಹೆಗಲ ವಸ್ತ್ರವನ್ನು ಸೊಂಟಕ್ಕೆ ಬಿಗಿದು ಅವರ ಪರವಾಗಿ ಹೇಳುತ್ತಿದ್ದರು. ಒಮ್ಮೆ ಒಬ್ಬ ಒಕ್ಕಲಿನವನ ಉಳುವ ಎತ್ತನ್ನು ಹುಲಿ ಹೊತ್ತೊಯ್ದಾಗ ಇವರು ಮಾಡಿದ ಅರಿಕೆಗೆ ದೈವವು ಬೀಡಿನ, ಅಂದರೆ ಊರಿನ ದೊಡ್ಡ ಮನೆಯ, ಯಜಮಾನನ ಕಡೆ ತಿರುಗಿ, ನಿನ್ನ ಹಟ್ಟಿಯಿಂದ ಒಂದು ಎತ್ತು ಕೊಡು ಎಂದು ಹೇಳಿತಂತೆ. ಯಜಮಾನ ಎತ್ತು ಕೊಟ್ಟ. ದೂಮಣ್ಣ ಕಾಜವರ ಜೊತೆ ಮಾತು ಬಿಟ್ಟ.

ಅವರದ್ದು ಅಳಿಯಕಟ್ಟಿನ ಮನೆ, ಮನೆತನ ನಡೆಯುವುದು ಅಕ್ಕತಂಗಿಯರ ಮಕ್ಕಳಿಂದ. ಹಾಗಾಗಿ ಅಲ್ಲಿ ಹಿರಿಯರೆಂದರೆ ಅಪ್ಪ, ಅಜ್ಜ ಅಲ್ಲ. ಮಾವ, ಮಾವನ ಮಾವ. ದೂಮಣ್ಣ ಕಾಜವರ ಅಳಿಯ ಮಂಜಪ್ಪ ಕಾಜವರು ಬಿಳಿಯರ ಕಾಲದಲ್ಲಿ ಕಾಡಿನಲ್ಲಿ ದನ ಮೇಯಿಸುವ ಹಕ್ಕು ಕೇಳಲು ಮಂಗಳೂರಿಗೆ ನಡೆದುಹೋದರು. ಕಲೆಕ್ಟರ ದೊರೆಯ ಎದುರು ನಿಂತು ತುಳುವಿನಲ್ಲಿ ಬೆವರು ಹರಿಯುವಷ್ಟು ಹೊತ್ತು ಮಾತಾಡಿದರು. ಪಕ್ಕದಲ್ಲಿದ್ದ ದುಭಾಷಿ ಅಷ್ಟನ್ನೂ ಇಂಗ್ಲಿಷಿನಲ್ಲಿ ಒಂದು ಉಸಿರಿಗೆ ಮುಗಿಸಿದ. ದೊರೆ ತಲೆ ಅಲ್ಲಾಡಿಸಿದರು, ಅಲ್ಲಿಗೆ ಮುಗಿಯಿತು. ಹಕ್ಕು ಸಿಗಲಿಲ್ಲ. ಮಂಜಪ್ಪ ಕಾಜವರು ಊರಿಗೆ ಬಂದು, 'ನಮ್ಮ ಮಾತನ್ನು ಅಲ್ಲಿ ಹಿಂಡಿ ಬಿಸಾಡ್ತಾರೆ' ಎಂದರಂತೆ.

ಅದು ಅವರ ಅಳಿಯ ಕೋಚಣ್ಣ ಕಾಜವರ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಅವರು ತಮ್ಮ ಅಳಿಯ ಶಂಭುವನ್ನು ಗದ್ದೆಗೆ ಇಳಿಸಲಿಲ್ಲ. ನೆರಿಯದ ಮೇಲಿನ ಏಲಕ್ಕಿ ತೋಟದಲ್ಲಿ ಲೆಕ್ಕ ಬರೆಯುತ್ತಿದ್ದ ರೈಟರ್ ಪಾಸ್ಕಾಲ್ ಎಂಬವರ ಕೈಕೆಳಗೆ ಬಿಟ್ಟು, 'ಇವನಿಗೆ ಬಿಳಿಯರ ಮಾತು ಕಲಿಸಿ, ಹೊಟ್ಟೆಗೆ ನಾನು ಅಕ್ಕಿ ಕಳಿಸ್ತೇನೆ' ಎಂದರು. ನಾನು ಹೇಳಲು ಹೊರಟದ್ದು ಈ ಶಂಭು ಕಾಜವರ ವಿಷಯ.

ಬಂಟ್ವಾಳದಲ್ಲಿ ಒಂದು ಕಚೇರಿಯ ಎದುರು ನನ್ನ ಹೋಟೆಲು ಇತ್ತು. ಕಚೇರಿಯ ಹೆಸರು ಇಲ್ಲಿ ಬೇಡ. ಹೋಟೆಲು ಅಂದರೆ ಒಂದು ಒಲೆ, ಚಾ, ಗೋಳಿಬಜೆ, ಹೊರಗೆ ಚಾವಡಿಯಲ್ಲಿ ಹಲಸಿನ ಹಲಗೆಯ ಒಂದು ಬೆಂಚು. ಶಾಲೆಯ ಬೆಂಚಿನಲ್ಲಿ ನಾನು ಕುಳಿತದ್ದು ಕಡಿಮೆ. ಕಲಿತದ್ದೆಲ್ಲ ಈ ಬೆಂಚಿನ ಮೇಲೆ ಕುಳಿತವರ ಬಾಯಿಯಿಂದ ಮತ್ತು ಬಜೆ ಕಟ್ಟಲು ತಂದ ಹಳೆ ಪೇಪರುಗಳಿಂದ. ಐವತ್ತರ ನಂತರದ ಒಂದು ವರ್ಷ, ನಾವು ಇನ್ನೂ ಮದ್ರಾಸಿನ ಕೈಕೆಳಗೆ ಇದ್ದಾಗ, ಶಂಭು ಕಾಜವರು ಬಂದು ಆ ಬೆಂಚಿನ ತುದಿಯಲ್ಲಿ ಕುಳಿತು ಅರ್ಜಿ ಬರೆಯಲು ಶುರುಮಾಡಿದರು. ಉದ್ದ ಆಳು, ಬಿಳಿ ಮುಂಡು, ಗುಂಡಿ ಹಾಕಿದ ಕೋಟು, ಕೋಟಿನ ಕಿಸೆಯಲ್ಲಿ ಪೆನ್ನು. ತೊಡೆಯ ಮೇಲೆ ಒಂದು ಹಲಗೆ ಇಟ್ಟುಕೊಂಡು ಬರೆಯುತ್ತಿದ್ದರು. ಹೆಂಡತಿ ಕಾಂತಿ ಬೆಳ್ತಂಗಡಿಯ ಹತ್ತಿರ ತನ್ನ ತಾಯಿಮನೆಯಲ್ಲಿ. ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು.

ಅರ್ಜಿ ಬರೆಯುವವರು ಬೇರೆಯವರೂ ಇದ್ದರು. ಅವರು ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಬರೆದುಕೊಡುತ್ತಿದ್ದರು. ಕಾಜವರದ್ದು ಹಾಗಲ್ಲ. ಅವರಿಗೆ ಒಂದು ಕ್ರಮ ಇತ್ತು. ಅದನ್ನು ಒಂದು ಮಳೆಯ ಮಧ್ಯಾಹ್ನ ನನಗೆ ಬಿಡಿಸಿ ಹೇಳಿದರು.

'ನೋಡು ಲೋಕನಾಥ, ರಿಕ್ವೆಸ್ಟ್ ಅಂದ್ರೆ ಕೇಳುವುದು. ನೀನು ನನ್ನ ಹತ್ರ ಸುಣ್ಣ ಕೇಳ್ತೀಯಲ್ಲ, ಹಾಗೆ. ಕೊಟ್ರೂ ಆಯ್ತು, ಕೊಡದಿದ್ರೂ ಆಯ್ತು. ಪ್ರೇ ಅಂದ್ರೆ ಬೇಡುವುದು. ಬಿಸೀಚ್ ಅಂತ ಮತ್ತೊಂದು ಉಂಟು. ಅದಕ್ಕೆ ಡಿಕ್ಷನರಿಯಲ್ಲಿ ಮೊರೆಯಿಡು, ಅಂಗಲಾಚು ಅಂತ ಎಲ್ಲ ಕೊಟ್ಟಿದ್ದಾರೆ. ಅದು ಯಾವುದೂ ಅಲ್ಲ.'

'ಮತ್ತೆ ಎಂತ?'

'ದಮ್ಮಯ್ಯ.'

ನಮ್ಮ ಕಡೆ ದಮ್ಮಯ್ಯ ಎಂಬ ಮಾತನ್ನು ಹಗುರವಾಗಿ ಹೇಳುವುದೂ ಉಂಟು, ಉಸಿರು ಕಟ್ಟಿದಾಗ ಹೇಳುವುದೂ ಉಂಟು. ಕಾಜವರು ಹೇಳಿದ್ದು ಎರಡನೆಯದ್ದು.

'ಇನ್ನೊಂದು. ಆ ಮಾತನ್ನು ಅಕ್ಕಿಗೆ, ಗದ್ದೆಗೆ ಹೇಳ್ಲಿಕ್ಕೆ ಆಗುವುದಿಲ್ಲ. ಗದ್ದೆಯನ್ನು ಕೇಳಬಹುದು, ಬೇಡಬಹುದು. ಬಿಸೀಚ್ ಮಾಡುವುದು ಮನುಷ್ಯನನ್ನು. ನಿಮ್ಮನ್ನು ದಮ್ಮಯ್ಯ ಹಾಕ್ತೇನೆ, ಹೀಗೆ ಮಾಡಿ ಅಂತ. ಅದಕ್ಕೆ ಅದನ್ನು ಉಪ್ಪಿನ ಹಾಗೆ ಎಲ್ಲದಕ್ಕೂ ಹಾಕಬಾರದು.'

ಆದ್ದರಿಂದ ಅರ್ಜಿಗೆ ಬಂದವರಿಗೆಲ್ಲ ಅವರದ್ದು ಒಂದೇ ಪ್ರಶ್ನೆ: ಇದು ಸಿಗದಿದ್ದರೆ ಏನು ಮಾಡುತ್ತೀರಿ? ಅದಕ್ಕೆ ಉತ್ತರ ಇದ್ದವನಿಗೆ ಆ ಮಾತು ಇಲ್ಲ. ಜನ ಮಾತ್ರ ಅದಕ್ಕೇ ಬಾಯಿಬಿಡುತ್ತಿದ್ದರು. ಅದು ಹಾಕಿದ ಅರ್ಜಿ ಬಿದ್ದುಹೋಗುವುದಿಲ್ಲ ಎಂಬ ಸುದ್ದಿ ವಿಟ್ಲದವರೆಗೂ ಹೋಗಿತ್ತು. ಬಾಳೆಗೊನೆ ಹೊತ್ತುಕೊಂಡು ಬಂದು, 'ಬಿಸೀಚಿನವರು ಎಲ್ಲಿ ಕೂತುಕೊಳ್ಳುವುದು?' ಎಂದು ನನ್ನನ್ನು ಕೇಳುವವರಿದ್ದರು.

ಒಮ್ಮೆ ಮೂಡಬಿದ್ರೆಯ ಪದ್ಮರಾಜ ಬಲ್ಲಾಳರು ಬಂದರು. ಜೈನರು, ದೊಡ್ಡ ಮನೆಯವರು. ಸಿದ್ಧಕಟ್ಟೆಯಲ್ಲಿ ಅವರ ಗದ್ದೆಗೆ ಹಂದಿಯ ಕಾಟ. ಕೋವಿಗೆ ಲೈಸೆನ್ಸು ಬೇಕಿತ್ತು.

'ಕೊಲ್ಲಲಿಕ್ಕೆ ಅಲ್ಲ ಕಾಜವರೇ, ಶಬ್ದಕ್ಕೆ ಮಾತ್ರ. ಅದನ್ನು ಸರಿಯಾಗಿ ಕಾಣಿಸಿ.'

'ಕಾಣಿಸುವ. ಹಂದಿಗೂ ಒಂದು ನಕಲು ಕಳಿಸುವ, ಹೆದರಬೇಡ ಅಂತ.'

ಬೆಂಚಿನವರೆಲ್ಲ ನಕ್ಕರು. ಬಲ್ಲಾಳರೂ ನಕ್ಕರು.

'ಮತ್ತೆ ಆ ನಿಮ್ಮ ಬಿಸೀಚ್ ಉಂಟಲ್ಲ, ಅದನ್ನು ಎರಡು ಕಡೆ ಹಾಕಿ.'

'ನಿಮಗೆ ಅದು ಬೇಡ. ರಿಕ್ವೆಸ್ಟ್ ಸಾಕು.'

'ಯಾಕೆ? ನಾನು ಕೊಡುವುದು ದುಡ್ಡಲ್ಲವಾ?'

'ಕೋವಿ ಸಿಗದಿದ್ರೆ ಎಂತ ಮಾಡ್ತೀರಿ?'

'ಎಂತ ಮಾಡುವುದು, ಆಳುಗಳ ಕೈಯಲ್ಲಿ ಡಬ್ಬಿ ಬಡಿಸ್ತೇನೆ.'

'ಡಬ್ಬಿ ಉಂಟಲ್ಲ ಬಲ್ಲಾಳರೇ. ಡಬ್ಬಿ ಇದ್ದವರಿಗೆ ಬಿಸೀಚ್ ಇಲ್ಲ.'

ಬಲ್ಲಾಳರಿಗೆ ಮುಖ ಕೆಂಪಾಯಿತು. ಆದರೂ ರಿಕ್ವೆಸ್ಟಿನ ಅರ್ಜಿಯನ್ನೇ ತೆಗೆದುಕೊಂಡು ಹೋದರು. ಲೈಸೆನ್ಸು ಬಂತು.

ಕಾಜವರಿಗೆ ಇನ್ನೊಂದು ಕಟ್ಟು ಇತ್ತು. ಅದು ಮನೆತನದಿಂದ ಬಂದದ್ದು. ದೈವದ ಮುಂದೆ ಅರಿಕೆ ಮಾಡುವುದು ಒಮ್ಮೆ. ಮಾಡಿದ ಮೇಲೆ ಹಿಂದೆ ಸರಿದು ಬಾಯಿ ಮುಚ್ಚಿ ಕಾಯಬೇಕು. ಮತ್ತೆ ಮತ್ತೆ ಹೇಳಿದರೆ ದೈವಕ್ಕೆ ಕಿವಿ ಕೇಳಿಸಲಿಲ್ಲವೋ ಎಂದು ಸಂಶಯ ಪಟ್ಟ ಹಾಗೆ. ಕಾಜವರು ಬಿಸೀಚ್ ಹಾಕಿದ ಅರ್ಜಿಗೂ ಅದೇ ಕ್ರಮ ಹಿಡಿದಿದ್ದರು. ನೆನಪೋಲೆ ಬರೆಯುತ್ತಿರಲಿಲ್ಲ. ಬರೆಸಿಕೊಂಡವರು ಕಚೇರಿಯ ಕಡೆ ಸುಳಿಯಬಾರದು. 'ದಮ್ಮಯ್ಯ ಅಂದಾಯ್ತು. ಇನ್ನು ಅವರು ಮನುಷ್ಯರಾದ್ರೆ ಕೊಡ್ತಾರೆ' ಎನ್ನುತ್ತಿದ್ದರು. ನಮಗೆ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಈ ಊರಿನಲ್ಲಿ ಹುಟ್ಟಿದ ಯಾರನ್ನು ಕೇಳಿದರೂ ಹಾಗೆಯೇ ಹೇಳುತ್ತಿದ್ದರು. ಹಲವು ವರ್ಷ ಅದು ನಡೆಯಿತು ಕೂಡ.

ಮೈಸೂರಿಗೆ ಸೇರಿ ಕೆಲವು ವರ್ಷಗಳಾದ ಮೇಲೆ, ಅರವತ್ತರ ಈಚೆ, ಮಂಗಳೂರಿನಿಂದ ಘಟ್ಟಕ್ಕೆ ಹೋಗುವ ರಸ್ತೆಯನ್ನು ಅಗಲ ಮಾಡುವ ಕೆಲಸ ಬಂತು. ಫರಂಗಿಪೇಟೆಯ ಹತ್ತಿರ ರಸ್ತೆಗೂ ನೇತ್ರಾವತಿಗೂ ನಡುವಿನ ಸರಕಾರಿ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವರಿಗೆಲ್ಲ ನೋಟೀಸು ಸಿಕ್ಕಿತು. ಪತ್ತನಾಜೆಯ ಒಳಗೆ, ಅಂದರೆ ಮಳೆಗಾಲ ಹಿಡಿಯುವ ಮೊದಲು, ಗುಡಿಸಲು ತೆಗೆಯಬೇಕು. ಗತಿ ಇಲ್ಲದವರು ಅರ್ಜಿ ಕೊಟ್ಟರೆ ಗುಡ್ಡದ ಬದಿಯಲ್ಲಿ ಬದಲಿ ಜಾಗ. ಜಾಗ ಎಲ್ಲರಿಗೆ ಸಾಕಾಗುವಷ್ಟು ಇರಲಿಲ್ಲ.

ಅಲ್ಲಿದ್ದವರಲ್ಲಿ ಆಸ್ಯಮ್ಮ ಒಬ್ಬಳು. ಬ್ಯಾರಿ ಹೆಂಗಸು, ಗಂಡ ದೋಣಿ ನಡೆಸುತ್ತಿದ್ದವನು, ತೀರಿಹೋಗಿದ್ದ. ಮಕ್ಕಳಿಲ್ಲ. ನೀರು ಇಳಿದಾಗ ಹೊಳೆಗಿಳಿದು ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ, ಬುಟ್ಟಿಯಲ್ಲಿ ಹೊತ್ತು ಬಂಟ್ವಾಳದ ಪೇಟೆಯಲ್ಲಿ ಮಾರುತ್ತಿದ್ದಳು. ಬಾಯಿ ಜೋರು. ಅವಳು ಬಂದರೆ ನನ್ನ ಹೋಟೆಲಿನ ಕಾಗೆಗಳೂ ಎದ್ದು ಹೋಗುತ್ತಿದ್ದವು. ಅವಳ ಪಕ್ಕದ ಗುಡಿಸಲು ಸೈಕಲ್ ರಿಪೇರಿಯ ಹನೀಫಾನದ್ದು.

ಆಸ್ಯಮ್ಮ ಬುಟ್ಟಿ ಇಳಿಸಿ ಕಾಜವರ ಎದುರು ನೆಲದಲ್ಲಿ ಕುಳಿತಳು. ಕಾಜವರು ಎಲ್ಲ ಕೇಳಿ ಆದ ಮೇಲೆ ತಮ್ಮ ಪ್ರಶ್ನೆ ಹಾಕಿದರು.

'ಜಾಗ ಸಿಗದಿದ್ರೆ ಎಲ್ಲಿಗೆ ಹೋಗ್ತೀರಿ ಆಸ್ಯಮ್ಮ?'

'ಎಲ್ಲಿಗೆ ಅಂದ್ರೆ? ಎದುರಿಗೆ ಹೊಳೆ ಉಂಟಲ್ಲ.'

ಕಾಜವರು ಪೆನ್ನಿನ ಮುಚ್ಚಳ ತೆಗೆದರು.

ಆ ಅರ್ಜಿಯನ್ನು ಅವರು ಬೆಳಿಗ್ಗೆಯಿಂದ ಸಂಜೆಯವರೆಗೆ ಬರೆದರು. ನಡುವೆ ಬಂದವರನ್ನು ಎಬ್ಬಿಸಿ ಕಳುಹಿಸಿದರು. ಗಂಡ ದೋಣಿ ನಡೆಸಿದ್ದು, ನೆರೆ ಬಂದ ವರ್ಷ ಅವನು ಜನರನ್ನು ದಾಟಿಸಿದ್ದು, ಅವಳ ಕೈಬೆರಳು ಚಿಪ್ಪಿನಿಂದ ಕೊಯ್ದುಹೋದದ್ದು, ಎಲ್ಲ ಅದರಲ್ಲಿತ್ತು. ಕೊನೆಯಲ್ಲಿ ಆ ಮಾತು. ಬರೆದು ಮುಗಿಸಿ ಅವಳಿಗೆ ಸಾಲು ಸಾಲಾಗಿ ತುಳುವಿನಲ್ಲಿ ಓದಿ ಹೇಳಿದರು. ಆಸ್ಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

'ಇದೆಲ್ಲ ನಾನು ಹೇಳಿದ್ದಾ?'

'ನೀವು ಹೇಳಿದ್ದೇ.'

'ನಾನು ಇಷ್ಟು ಪಾಪದವಳು ಅಂತ ನನಗೇ ಗೊತ್ತಿರಲಿಲ್ಲ ಮಾರಾಯರೇ.'

ಹೆಬ್ಬೆಟ್ಟು ಒತ್ತಿಸಿ, ಅರ್ಜಿಯನ್ನು ಕಚೇರಿಯ ಟಪಾಲಿಗೆ ಕೊಡಿಸಿ, ಕಾಜವರು ಅವಳಿಗೆ ಹೇಳಿದರು: 'ಇನ್ನು ನೀವು ಆ ಮೆಟ್ಟಿಲು ತುಳಿಯಬಾರದು. ಯಾರ ಹತ್ರವೂ ಹೇಳಿಕೊಂಡು ತಿರುಗಬಾರದು. ಹೇಳುವುದನ್ನು ಹೇಳಿ ಆಗಿದೆ.'

'ಬಾಯಿ ಮುಚ್ಚಿ ಕೂತುಕೊಳ್ಳಬೇಕಾ? ಅದು ಮಾತ್ರ ಕಷ್ಟ' ಎಂದಳು ಆಸ್ಯಮ್ಮ. ಆದರೆ ಹಾಗೆಯೇ ಮಾಡಿದಳು. ಕಾಜವರ ಮಾತು ಅಂದರೆ ಅಷ್ಟು ನಂಬಿಕೆ.

ಹನೀಫಾ ಅರ್ಜಿಯನ್ನು ಯಾರೋ ಶಾಲೆಗೆ ಹೋಗುವ ಹುಡುಗನ ಕೈಯಲ್ಲಿ ಕನ್ನಡದಲ್ಲಿ ಅರ್ಧ ಪುಟ ಬರೆಸಿದ್ದ. ಅದರ ಮೇಲೆ ಸೈಕಲ್ಲಿನ ಎಣ್ಣೆಯ ಕಲೆ ಬೇರೆ. ಅರ್ಜಿ ಕೊಟ್ಟ ಮೇಲೆ ಅವನು ದಿನಾ ಬೆಳಿಗ್ಗೆ ಕಚೇರಿಯ ಮೆಟ್ಟಿಲಲ್ಲಿ ಹಾಜರು. ಪ್ಯೂನನಿಗೆ ಬೀಡಿ ಕೊಡುತ್ತಿದ್ದ. ಗುಮಾಸ್ತ ಸುಬ್ಬಯ್ಯನವರ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದ. ದೊಡ್ಡ ಸಾಹೇಬರು ಜೀಪಿನಿಂದ ಇಳಿಯುವಾಗ ಎದುರು ಹೋಗಿ ಕೈಮುಗಿದು ಅಳುತ್ತಿದ್ದ. ಮಧ್ಯಾಹ್ನ ನನ್ನಲ್ಲಿ ಬಂದು ಬಜೆ ತಿಂದು, ಬಾಯಿ ತೊಳೆದು, ಮತ್ತೆ ಅಳಲು ಹೋಗುತ್ತಿದ್ದ.

'ನೋಡಿದ್ಯಾ ಲೋಕನಾಥ, ಅದು ಬಿಸೀಚ್ ಅಲ್ಲ. ಅದು ಕಾಟ' ಎಂದರು ಕಾಜವರು.

ಹನೀಫಾನಿಗೆ ಕೇಳಿಸಿತು. 'ಕಾಜವರೇ, ನೀವು ಬರೆದದ್ದು ಕಚೇರಿಯಲ್ಲಿ ಮಲಗಿರ್ತದೆ. ನಾನು ಬರೆದದ್ದು ಕಾಲು ಹಾಕಿಕೊಂಡು ದಿನಾ ಹೋಗ್ತದೆ' ಎಂದು ಹಲ್ಲು ಬಿಟ್ಟ.

ಸ್ವಲ್ಪ ದಿನದಲ್ಲಿ ಅವನಿಗೆ ಜಾಗ ಸಿಕ್ಕಿತು. ಇನ್ನೂ ಕೆಲವರಿಗೆ ಸಿಕ್ಕಿತು. ಎಲ್ಲರೂ ಮೆಟ್ಟಿಲು ಸವೆಸಿದವರು. ಹನೀಫಾ ಒಳ್ಳೆಯ ಮನುಷ್ಯ. ಆಸ್ಯಮ್ಮನ ಹತ್ತಿರ ಹೋಗಿ, 'ನಾಳೆ ನನ್ನ ಒಟ್ಟಿಗೆ ಬಾ ಅಕ್ಕ, ಸುಬ್ಬಯ್ಯನವರಿಗೆ ಹೇಳ್ತೇನೆ' ಎಂದನಂತೆ. ಕಾಜವರು ಬೇಡ ಎಂದಿದ್ದಾರೆ ಎಂದಳಂತೆ ಅವಳು. ಅವನು ಅದನ್ನು ನನಗೆ ಹೇಳಿದ, ನಾನು ಕಾಜವರಿಗೆ ಹೇಳಿದೆ.

'ಪತ್ತನಾಜೆ ಹತ್ರ ಬಂತು ಕಾಜವರೇ. ಒಮ್ಮೆ ಒಳಗೆ ಹೋಗಿ ಕೇಳಿದ್ರೆ ಆಗುವುದಿಲ್ಲವಾ?'

'ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಿದ್ರೆ ಮೊದಲು ಹೇಳಿದ್ದು ಸುಳ್ಳಾಗ್ತದೆ.' ಅಷ್ಟು ಹೇಳಿ ಅವರು ಪೇಪರು ಬಿಡಿಸಿ ಮುಖದ ಎದುರು ಹಿಡಿದರು.

ಗುಡಿಸಲು ಕೀಳುವ ಜನ ಒಂದು ಬೆಳಿಗ್ಗೆ ಬಂದರು. ಆಸ್ಯಮ್ಮನ ಗುಡಿಸಲನ್ನು ಕಿತ್ತುಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಿಸಿಲು ಏರುವ ಹೊತ್ತಿಗೆ ಆಸ್ಯಮ್ಮ ತಲೆಯ ಮೇಲೆ ಒಂದು ತಾಮ್ರದ ಕೊಡ, ಕಂಕುಳಲ್ಲಿ ಚಾಪೆ ಹಿಡಿದುಕೊಂಡು ನನ್ನ ಹೋಟೆಲಿನ ಎದುರು ನಿಂತಿದ್ದಳು. ಬೆಂಚಿನಲ್ಲಿ ಜನ ಇದ್ದರು. ಅವಳು ಕೊಡವನ್ನು ಇಳಿಸಿ ಕಾಜವರ ಕಾಲ ಬುಡದಲ್ಲಿ ಇಟ್ಟಳು.

'ಇಕೊಳ್ಳಿ. ಬಾಯಿ ಮುಚ್ಚಿ ಕೂತಿದ್ದೆ. ನೀವು ಹೇಳಿದ ಹಾಗೆ.'

ಕಾಜವರು ಎದ್ದು ನಿಂತರು.

'ಹನೀಫಾನಿಗೆ ಸಿಕ್ಕಿತು. ಆಚೆ ಗುಡಿಸಲಿನ ಕುಡುಕನಿಗೂ ಸಿಕ್ಕಿತು. ನಾನು ಕೇಳಿದ್ರೆ ನನಗೂ ಸಿಗ್ತಿತ್ತು. ನನ್ನ ಬಾಯಿಗೆ ಹೆದರಿಯಾದ್ರೂ ಕೊಡ್ತಿದ್ರು! ಆ ಬಾಯಿಗೆ ನೀವು ಬೀಗ ಹಾಕಿದ್ರಲ್ಲ.' ಅವಳ ದನಿ ಆ ದಿನ ಜೋರಿರಲಿಲ್ಲ. 'ಈಗ ನನಗೆ ಹೇಳಿ, ನಾನು ಈ ಚಾಪೆ ಎಲ್ಲಿ ಬಿಡಿಸಲಿ?'

ಕಾಜವರು ಹಲಗೆಯನ್ನು ಬೆಂಚಿನ ಮೇಲಿಟ್ಟು ರಸ್ತೆ ದಾಟಿದರು. ಅಷ್ಟು ವರ್ಷ ಆ ಕಚೇರಿಯ ಎದುರು ಕುಳಿತರೂ ಅವರು ಅದರ ಒಳಗೆ ಕಾಲಿಟ್ಟದ್ದನ್ನು ನಾನು ನೋಡಿರಲಿಲ್ಲ. ನಾನು ಒಲೆ ಬಿಟ್ಟು ಹಿಂದೆಯೇ ಹೋದೆ.

ಗುಮಾಸ್ತ ಸುಬ್ಬಯ್ಯನವರು ಕುರ್ಚಿಯಿಂದ ಅರ್ಧ ಎದ್ದರು. 'ಬನ್ನಿ ಬನ್ನಿ ಕಾಜವರೇ! ನೀವು ಒಳಗೆ ಬರುವುದಾ!' ಆಸ್ಯಮ್ಮನ ಅರ್ಜಿ ಕೇಳಿದ ಕೂಡಲೇ ಮೇಜಿನ ಖಾನೆಯಿಂದಲೇ ತೆಗೆದರು. ಹುಡುಕಬೇಕಾಗಲಿಲ್ಲ.

'ಎಂತ ಇಂಗ್ಲಿಷ್ ಕಾಜವರೇ! ನಾವೆಲ್ಲ ಓದಿದ್ದೇವೆ. ಸಾಹೇಬರೂ ಓದಿ ಹೊಗಳಿದ್ರು. ನಮ್ಮ ಕಚೇರಿಯಲ್ಲಿ ಯಾರಿಗೂ ಹೀಗೆ ಬರೆಯಲಿಕ್ಕೆ ಬರುವುದಿಲ್ಲ, ಅದಕ್ಕೆ ಇದನ್ನು ತೆಗೆದು ಇಟ್ಟಿದ್ದೇನೆ, ಮಾದರಿಗೆ.'

'ಜಾಗ?'

'ಜಾಗ...' ಸುಬ್ಬಯ್ಯನವರು ತಲೆ ಕೆರೆದುಕೊಂಡರು. 'ಪಾರ್ಟಿ ಬರಲೇ ಇಲ್ಲವಲ್ಲ. ಉಳಿದವರೆಲ್ಲ ದಿನಾ ಬಂದು ನಮ್ಮ ಜೀವ ತಿಂದ್ರು. ಈ ಹೆಂಗಸು ಒಮ್ಮೆಯೂ ಮುಖ ತೋರಿಸಲಿಲ್ಲ. ಎಲ್ಲಿಯೋ ಬೇರೆ ಏರ್ಪಾಡು ಆಗಿರಬೇಕು ಅಂತ ಮಾಡಿದೆವು. ಕಷ್ಟ ಇದ್ದವರು ಬರುವುದಿಲ್ಲವಾ ಕಾಜವರೇ?'

ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಜಾಗ ಮುಗಿದಿತ್ತು. ಕಾಜವರು ತಮ್ಮ ಅರ್ಜಿಯನ್ನು ಸುಬ್ಬಯ್ಯನವರ ಕೈಯಲ್ಲೇ ಬಿಟ್ಟು ಹೊರಗೆ ಬಂದು ಜಗಲಿಯ ಕಂಬಕ್ಕೆ ಒರಗಿದರು. ಹೋಟೆಲಿಗೆ ವಾಪಸು ಬರಲಿಲ್ಲ.

ಆಸ್ಯಮ್ಮನಿಗೆ ಹನೀಫಾ ತನ್ನ ಹೊಸ ಜಾಗದ ಚಪ್ಪರದ ಕೆಳಗೆ ಒಂದು ಮೂಲೆ ಕೊಟ್ಟ. ಹೆಂಡತಿ ಮಕ್ಕಳ ನಡುವೆ ಅಲ್ಲಿ ಕಾಲು ನೀಡುವಷ್ಟು ಜಾಗ ಇರಲಿಲ್ಲ. ಮಳೆಗೆ ಮುಂಚಿನ ಮೋಡ ಮೇಲಿನಿಂದ ಇಳಿಯಲು ಶುರುವಾಗಿತ್ತು.

ಮರುದಿನದಿಂದ ಕಾಜವರು ಕಚೇರಿಯ ಜಗಲಿಯಲ್ಲಿ ನಿಲ್ಲತೊಡಗಿದರು. ಬಾಗಿಲು ತೆರೆಯುವ ಮೊದಲು ಹೋಗುವುದು, ಮುಚ್ಚಿದ ಮೇಲೆ ಬರುವುದು. ಸಾಹೇಬರು ಹೊರಗಿನ ಜಿಲ್ಲೆಯವರು, ಎಳೆಯ ಪ್ರಾಯ. ಮೊದಲ ಸಲ ಅವರು ಜೀಪಿನಿಂದ ಇಳಿದಾಗ ಕಾಜವರು ಅರ್ಜಿಯಲ್ಲಿ ಬರೆದ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದರು. ಸಾಹೇಬರು ನಿಂತು ಪೂರ್ತಿ ಕೇಳಿ, 'ತುಂಬಾ ಚೆನ್ನಾಗಿ ಮಾತಾಡ್ತೀರಿ, ನಾಳೆ ಬನ್ನಿ' ಎಂದು ಒಳಗೆ ಹೋದರು. ಮರುದಿನ ಕನ್ನಡದಲ್ಲಿ ಹೇಳಿದರು. ಅದಕ್ಕೂ ನಾಳೆ ಬನ್ನಿ. ಅರ್ಜಿಗೆ ಬಂದವರು ರಸ್ತೆಯ ಈಚೆಯಿಂದ ಕರೆದರೆ, ಕಾಜವರು ತಿರುಗಿ ನೋಡದೆ ಕೈ ಬೀಸಿ ಬೇರೆಯವರ ಹತ್ತಿರ ಕಳುಹಿಸುತ್ತಿದ್ದರು.

ಹನೀಫಾನಿಗೆ ನೋಡಲಾಗಲಿಲ್ಲ. ಅವನೇ ಹೋಗಿ ಹೇಳಿಕೊಟ್ಟ.

'ಹಾಗೆ ಕೋಲು ನುಂಗಿದವರ ಹಾಗೆ ನಿಂತ್ರೆ ಆಗುವುದಿಲ್ಲ ಕಾಜವರೇ. ಸ್ವಲ್ಪ ಬಗ್ಗಬೇಕು. ದಾರಿಗೆ ಅಡ್ಡ ನಿಲ್ಲಬೇಕು. ನಿಮ್ಮನ್ನು ದಾಟದೆ ಅವರು ಒಳಗೆ ಹೋಗಬಾರದು.'

'ಅಳಬೇಕಾ?'

'ಬಂದ್ರೆ ಅಳಿ. ಬಾರದಿದ್ರೆ ಬೇಡ. ಸುಳ್ಳು ಅಳು ಗೊತ್ತಾಗ್ತದೆ ಅವರಿಗೆ.'

ಕಾಜವರು ದಾರಿಗೆ ಅಡ್ಡ ನಿಂತರು. ಸಾಹೇಬರು ಬೈದರು. ಪ್ಯೂನ ತೋಳು ಹಿಡಿದು ಬದಿಗೆ ಸರಿಸಿದ. ಬಂಟ್ವಾಳದ ಪೇಟೆಯಲ್ಲಿ ಎಲ್ಲರೂ ಕಾಜವರೇ ಎಂದು ಕರೆಯುವ ಮನುಷ್ಯನನ್ನು ಒಬ್ಬ ಪ್ಯೂನ ತೋಳು ಹಿಡಿದು ಸರಿಸುವುದನ್ನು ನಾನು ಬಜೆ ಕಾಯಿಸುತ್ತಾ ನೋಡಿದೆ. ಅವರು ಕೋಟು ಸರಿಮಾಡಿಕೊಂಡು ಮತ್ತೆ ಅಲ್ಲಿಯೇ ನಿಂತರು. ಇನ್ನೊಂದು ದಿನ ಸಾಹೇಬರು ಊಟಕ್ಕೆ ಹೊರಟಾಗ ಜೀಪಿನ ಬಾಗಿಲ ಹತ್ತಿರ ಹೋಗಿ, ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ, ದಮ್ಮಯ್ಯ ಎಂದಷ್ಟೇ ಹೇಳಿದರು. ಸಾಹೇಬರಿಗೆ ತುಳು ಬಾರದು, ಆ ಮಾತಿಗೆ ನಮ್ಮ ಕಡೆ ಇರುವ ತೂಕವೂ ತಿಳಿದಿರಲಿಕ್ಕಿಲ್ಲ. ಅವರು ಜೀಪಿನ ಸೀಟಿನಲ್ಲಿ ಕುಳಿತವರು ಕಾಜವರ ಮುಖ ನೋಡಿದರು. ಸುಬ್ಬಯ್ಯನವರನ್ನು ಕರೆದು, ಎಲ್ಲಾದರೂ ಒಂದು ತುಂಡು ಉಳಿದಿದೆಯೇ ನೋಡಿ ಎಂದರು.

ಒಂದು ತುಂಡು ಇತ್ತು. ಮುರಕಲ್ಲು ತೆಗೆದ ಹಳೆಯ ಕೋರೆಯ ಅಂಚಿನಲ್ಲಿ, ಯಾರೂ ಬೇಡ ಎಂದು ಬಿಟ್ಟದ್ದು. ಒಂದು ಕಡೆ ಕೋರೆಯ ಗುಂಡಿ, ಇನ್ನೊಂದು ಕಡೆ ಇಳಿಜಾರು. ಹೊಳೆ ಅಲ್ಲಿಂದ ಕಾಣುವುದು ಒಂದು ಹಗ್ಗದಷ್ಟು ಸಪುರ. ಆಸ್ಯಮ್ಮ ಜಾಗ ನೋಡಿ ಸೊಂಟಕ್ಕೆ ಕೈ ಇಟ್ಟು ನಿಂತಳು.

'ಮರುವಾಯಿ ಇಲ್ಲಿಗೆ ಹತ್ತಿ ಬರ್ತದಾ ಕಾಜವರೇ?'

'ಇಲ್ಲ.'

'ನಾನೇ ಇಳಿದು ಹತ್ತಬೇಕು.'

'ಹೌದು.'

'ಹೂಂ' ಎಂದಳು. ಚಾಪೆಯನ್ನು ಅಲ್ಲೇ ಬಿಡಿಸಿ ಕುಳಿತುಕೊಂಡಳು.

ಇಷ್ಟರಲ್ಲಿ ನನ್ನ ಬೆಂಚಿನ ತುದಿಗೆ ಪುತ್ತೂರಿನ ಕಡೆಯ ಒಬ್ಬ ಹುಡುಗ ಟೈಪಿನ ಮಿಷನು ತಂದು ಕುಳಿತಿದ್ದ. ಟಕಟಕ ಎಂದು ಕ್ಷಣದಲ್ಲಿ ಅರ್ಜಿ ಮುಗಿಸುತ್ತಿದ್ದ. ಜನ ಅವನ ಸುತ್ತ ಸೇರಿದರು. ನಾನು ಬೇಡ ಎನ್ನಲಿಲ್ಲ. ಬೆಂಚು ಖಾಲಿ ಇತ್ತು. ಕಾಜವರ ಹಲಗೆಯನ್ನು ಮಾತ್ರ ಒಳಗೆ ಅಕ್ಕಿಯ ಪೆಟ್ಟಿಗೆಯ ಮೇಲೆ ಇಟ್ಟಿದ್ದೆ.

ಜಾಗ ಸಿಕ್ಕಿದ ಮೇಲೆ ಅವರು ಬರುತ್ತಾರೆ ಎಂದು ಕಾದೆ. ಬರಲಿಲ್ಲ. ಪತ್ತನಾಜೆ ಕಳೆದು ಗಾಳಿ ತಿರುಗಿತ್ತು. ಹೋಟೆಲನ್ನು ನನ್ನ ಹೆಂಡತಿ ಸ್ವರ್ಣಲತಾಳಿಗೆ ಬಿಟ್ಟು, ಗುಡಿಸಲಿನ ಸೂರು, ನಮ್ಮ ಮಾತಿನಲ್ಲಿ ಮಾಡು, ಕಟ್ಟುವ ಕೆಲಸ ಗೊತ್ತಿದ್ದ ಇಬ್ಬರು ಆಳುಗಳನ್ನು ಕರೆದುಕೊಂಡು ನಾನೇ ಫರಂಗಿಪೇಟೆಗೆ ಹೋದೆ.

ಕೋರೆಯ ಅಂಚಿನಲ್ಲಿ ನಾಲ್ಕು ಕಂಬ ನಿಂತಿದ್ದವು. ಒಂದು ಸ್ವಲ್ಪ ಓರೆ. ಹೆಣೆದ ತೆಂಗಿನ ಮಡಲುಗಳು ಕೆಳಗೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿದ್ದವು. ಕಾಜವರು ಅವುಗಳನ್ನು ಕಟ್ಟು ಕಟ್ಟಾಗಿ ತಲೆಯ ಮೇಲೆ ಹೊತ್ತು ಗುಡ್ಡ ಹತ್ತುತ್ತಿದ್ದರು. ಕೋಟು ಇರಲಿಲ್ಲ. ಮುಂಡನ್ನು ಮೇಲೆ ಕಟ್ಟಿದ್ದರು. ಅಂಗೈ ಒಡೆದು ಚಿಂದಿ ಸುತ್ತಿಕೊಂಡಿದ್ದರು. ಅರ್ಧ ಮಾಡಿಗೆ ಮಡಲು ಹೊದೆಸಿ ಆಗಿತ್ತು. ಆ ಅರ್ಧದ ಕೆಳಗೆ ಆಸ್ಯಮ್ಮ ಒಲೆ ಹೂಡಿ ಕುಳಿತು ಮೇಲೆ ನೋಡುತ್ತಿದ್ದಳು.

'ಬನ್ನಿ ಲೋಕನಾಥಣ್ಣ, ನೋಡಿ. ಇದು ಮಾಡಾ, ಇವರ ಇಂಗ್ಲಿಷಾ? ದೂರದಿಂದ ನೋಡ್ಲಿಕ್ಕೆ ಬಹಳ ಚಂದ. ನಿನ್ನೆಯ ಹನಿ ಮಳೆಗೆ ನೀರೆಲ್ಲ ನನ್ನ ತಲೆಯ ಮೇಲೆ. ಎಡಬದಿಯ ಮಡಲು ಬಿಚ್ಚಿ ಮತ್ತೆ ಕಟ್ಟಿ ಅಂತ ಬೆಳಿಗ್ಗೆಯಿಂದ ಹೇಳ್ತಾ ಇದ್ದೇನೆ.'

'ಬಿಚ್ಚುತ್ತೇನೆ ಆಸ್ಯಮ್ಮ. ಇದೊಂದು ಕಟ್ಟು ಇಳಿಸ್ತೇನೆ' ಎಂದರು ಕಾಜವರು.

ನನ್ನ ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಆಗಲೇ ಕಂಬಕ್ಕೆ ಕೈ ಹಚ್ಚಿದ್ದ. ನಾನು ಹೇಳಿದೆ:

'ಕಾಜವರೇ, ನೀವು ಬಿಡಿ. ಇವರು ಮಧ್ಯಾಹ್ನದ ಒಳಗೆ ಮುಗಿಸ್ತಾರೆ, ಒಂದು ಹನಿ ಒಳಗೆ ಬೀಳದ ಹಾಗೆ. ನಾವು ಒಟ್ಟಿಗೆ ಪೇಟೆಗೆ ಹೋಗುವ. ಆ ಟೈಪಿನ ಹುಡುಗನನ್ನು ನಾಳೆಯೇ ಎಬ್ಬಿಸ್ತೇನೆ. ನಿಮ್ಮ ಹಲಗೆ ಹಾಗೆಯೇ ಇಟ್ಟಿದ್ದೇನೆ.'

ಕಾಜವರು ಕಟ್ಟು ಇಳಿಸಿ ನಡು ನೆಟ್ಟಗೆ ಮಾಡಿಕೊಂಡರು.

'ಹುಡುಗನನ್ನು ಎಬ್ಬಿಸಬೇಡ, ಅವನು ಬೇಗ ಬರೀತಾನೆ, ಜನಕ್ಕೆ ಒಳ್ಳೆಯದು. ಈ ಆಳುಗಳೂ ಬೇಡ ಲೋಕನಾಥ. ಅವರು ಚಂದ ಕಟ್ಟಿ ಹೋಗ್ತಾರೆ, ನನಗೆ ಗೊತ್ತುಂಟು. ಆಮೇಲೆ ಸೋರಿದ್ರೆ ಈ ಹೆಂಗಸು ಯಾರನ್ನು ಹಿಡೀಬೇಕು? ಅವರು ಎಲ್ಲಿಯೋ ಇರ್ತಾರೆ. ನಾನು ಕಟ್ಟಿದ್ರೆ ನಾನು ಸಿಗ್ತೇನೆ. ಬೈಯ್ಲಿಕ್ಕೆ ಎದುರಿಗೆ ಒಬ್ಬ ಇರಲಿ ಅವಳಿಗೆ. ನೀನು ಇವರನ್ನು ಕರ್ಕೊಂಡು ಹೋಗು. ಮಳೆ ಬರ್ತಾ ಉಂಟು, ನನ್ನನ್ನು ಮಾತಾಡಿಸಬೇಡ.'